ಸೇತುವೆ ಕಟ್ಟಿದವರು ಯಾರು? — ಅದ್ಭುತಕಥೆಯನ್ನು ಓದಿದ ಜೈನ ಕವಿಗಳು

ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕಾದಂಬರಿಯ ಓದುಗರ ನಡುವೆ ಇಂದಿಗೂ ಇತ್ಯರ್ಥವಾಗದ ಒಂದು ವ್ಯಾಜ್ಯವಿದೆ. ಮಾಯದ ಉಂಗುರವನ್ನು ಬೆಂಕಿಬೆಟ್ಟದಲ್ಲಿ ಹಾಕಿ ಕರಗಿಸಲು ಆ ಕುಳ್ಳ ಹಾಬಿಟ್‌ಗಳು ತಿಂಗಳುಗಟ್ಟಲೆ ನಡೆದು ಬಳಲಬೇಕಾಗಿತ್ತೇ? ಕಥೆಯ ಕೊನೆಯಲ್ಲಿ ಬಂದು ಅವರನ್ನು ಎತ್ತಿಕೊಂಡು ಹಾರುವ ಹಿರಿಯ ಹದ್ದುಗಳು ಮೊದಲ ದಿನವೇ ಬಂದು ಹೊತ್ತೊಯ್ಯಬಾರದಾಗಿತ್ತೇ? ಯಶವಂತಪುರದ ರೈಲು ನಿಲ್ದಾಣದಲ್ಲಿ ಬೆಳಗಾವಿಯ ಕಡೆಯ ರಾತ್ರಿಗಾಡಿಗೆ ಕಾಯುತ್ತ ಆ ದಪ್ಪ ಪುಸ್ತಕವನ್ನು ಬಿಡಿಸುವ ಇಂದಿನ ಓದುಗನೂ ಕೊನೆಯ ಪುಟಗಳಿಗೆ ಬಂದಾಗ ಇದನ್ನೇ ಕೇಳುತ್ತಾನೆ. ಅವನು ಅದ್ಭುತವನ್ನು ಒಪ್ಪದವನಲ್ಲ. ಮಾತನಾಡುವ ಮರಗಳನ್ನೂ ಕಣ್ಮರೆ ಮಾಡುವ ಉಂಗುರವನ್ನೂ ತಕರಾರಿಲ್ಲದೆ ಒಪ್ಪಿಕೊಂಡೇ ಅಲ್ಲಿಯವರೆಗೆ ಬಂದಿದ್ದಾನೆ. ಅವನಿಗೆ ಒಗ್ಗದಿರುವುದು ಒಂದೆಡೆ ನಡೆಯುವ ಅದ್ಭುತ ಇನ್ನೊಂದೆಡೆ ಕಾರಣವಿಲ್ಲದೆ ನಡೆಯದಿರುವುದು.

ಈ ಬಗೆಯ ಓದುಗ ಕಾದಂಬರಿಯೊಡನೆ ಹುಟ್ಟಿದವನಲ್ಲ. ನಮ್ಮ ಪರಂಪರೆಯಲ್ಲಿ ಅವನಿಗೆ ಒಂದು ಹೆಸರೇ ಇದೆ, ಶ್ರೇಣಿಕ.

ವಿಮಲಸೂರಿಯ ಪ್ರಾಕೃತ ಮಹಾಕಾವ್ಯ ‘ಪಉಮಚರಿಯ’ ಆರಂಭವಾಗುವುದು ಒಬ್ಬ ಓದುಗನ, ಇನ್ನೂ ಸರಿಯಾಗಿ ಹೇಳುವುದಾದರೆ ಒಬ್ಬ ಕೇಳುಗನ, ನಿದ್ದೆಗೆಟ್ಟ ರಾತ್ರಿಯಿಂದ. ವಿಪುಲಾಚಲದಲ್ಲಿ ಮಹಾವೀರರ ಸಮವಸರಣವನ್ನು ಕಂಡು ಅರಮನೆಗೆ ಮರಳಿದ ಮಗಧದ ಅರಸ ಶ್ರೇಣಿಕನು ಹಾಸಿಗೆಯಲ್ಲಿ ಮಲಗಿ, ಲೋಕದಲ್ಲಿ ಪ್ರಚಲಿತವಾಗಿರುವ ರಾಮಕಥೆಯನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಾನೆ. ಇಂದ್ರನನ್ನೇ ಸೆರೆಹಿಡಿದ ರಾವಣನ ಕಡೆಯವರನ್ನು ಕಪಿಗಳು ಹೇಗೆ ಕೊಂದವು? ಜಿಂಕೆ ಸಿಂಹವನ್ನು ಕೊಲ್ಲುವುದುಂಟೆ? ಒಬ್ಬ ಮನುಷ್ಯ ಆರು ತಿಂಗಳು ಮಲಗಿ, ಕಿವಿಗೆ ಕಾದ ಎಣ್ಣೆ ಹೊಯ್ದರೂ ಎಚ್ಚರಗೊಳ್ಳದೆ, ಎದ್ದಮೇಲೆ ಆನೆ ಎಮ್ಮೆಗಳನ್ನು ನುಂಗುವುದೆಂದರೇನು? ಬೆಳಗಾದ ಮೇಲೆ ಅರಸನು ಗೌತಮ ಗಣಧರರ ಬಳಿ ಹೋಗಿ ಈ ಸಂಶಯಗಳನ್ನು ಮುಂದಿಡುತ್ತಾನೆ. ಅದಕ್ಕೆ ಉತ್ತರವಾಗಿ ಹೊರಟದ್ದೇ 118 ಪರ್ವಗಳ ಆ ಇಡೀ ಕಾವ್ಯ. ಒಬ್ಬ ವಾಚಕನ ಆಕ್ಷೇಪವೇ ಮಹಾಕಾವ್ಯವೊಂದಕ್ಕೆ ಹುಟ್ಟುಕಾರಣವಾದ ಉದಾಹರಣೆಗಳು ಜಗತ್ತಿನ ಸಾಹಿತ್ಯದಲ್ಲಿ ಹೆಚ್ಚಿರಲಾರವು.

ಗೌತಮರ ಉತ್ತರದ ಕ್ರಮವನ್ನು ನೋಡಬೇಕು. ಅವರು ಅದ್ಭುತವನ್ನು ತೆಗೆದುಹಾಕುವುದಿಲ್ಲ, ಅದಕ್ಕೆ ವಂಶವನ್ನೂ ಕಾರಣವನ್ನೂ ಕೊಡುತ್ತಾರೆ. ರಾಕ್ಷಸ ಎಂಬುದು ಒಂದು ವಿದ್ಯಾಧರ ಕುಲದ ಹೆಸರು, ವಾನರ ಎಂಬುದು ಇನ್ನೊಂದರ ಹೆಸರು. ವಾನರ ಕುಲಕ್ಕೆ ಆ ಹೆಸರು ಬಂದ ಬಗೆಗೆ ಒಂದು ಸೊಗಸಾದ ಪ್ರಸಂಗವಿದೆ. ಅಮರಪ್ರಭನೆಂಬ ಅರಸನ ಮದುವೆಯ ಸಂದರ್ಭದಲ್ಲಿ ನೆಲದ ಮೇಲೆ ಬರೆದಿದ್ದ ಕಪಿಗಳ ಚಿತ್ರವನ್ನು ಕಂಡು ವಧು ಬೆಚ್ಚುತ್ತಾಳೆ. ಬರೆದವರ ಮೇಲೆ ಸಿಟ್ಟಾದ ಅರಸನಿಗೆ ಮಂತ್ರಿಗಳು, ನಿಮ್ಮ ಪೂರ್ವಜ ಶ್ರೀಕಂಠನು ಕಪಿಗಳನ್ನು ಪ್ರೀತಿಯಿಂದ ಪಾಲಿಸಿದ್ದನು, ಅಂದಿನಿಂದ ಇವು ಈ ಮನೆತನದ ಮಂಗಳಚಿಹ್ನೆ ಎಂದು ತಿಳಿಸುತ್ತಾರೆ. ಹಾಗಾದರೆ ಮಂಗಳಚಿಹ್ನೆಯನ್ನು ಕಾಲಡಿಯಲ್ಲೇಕೆ ಇಡಬೇಕೆಂದು ಅರಸನು ಅವನ್ನು ಕಿರೀಟಕ್ಕೂ ಧ್ವಜಕ್ಕೂ ಏರಿಸುತ್ತಾನೆ. ರಾವಣನ ಹತ್ತು ತಲೆಗಳೂ ಹೀಗೆಯೇ. ಶಿಶು ರಾವಣನು ಹಿರಿಯರಿಂದ ಬಂದ ಮಣಿಹಾರವನ್ನು ಧರಿಸಿದಾಗ ಅದರಲ್ಲಿ ಅವನ ಮುಖ ಒಂಬತ್ತಾಗಿ ಪ್ರತಿಬಿಂಬಿಸಿತು, ನಿಜಮುಖದೊಡನೆ ಹತ್ತಾಯಿತು.

ಕನ್ನಡದಲ್ಲಿ ಈ ಕಥಾಮಾರ್ಗವನ್ನು ಹಿಡಿದವನು 12ನೆಯ ಶತಮಾನದ ಆದಿಭಾಗದಲ್ಲಿದ್ದ ಅಭಿನವಪಂಪ ನಾಗಚಂದ್ರ. ಅವನ ‘ರಾಮಚಂದ್ರಚರಿತಪುರಾಣ’ದ 16 ಆಶ್ವಾಸಗಳಲ್ಲಿ ವಿದ್ಯೆಗಳಿಗೇನೂ ಕೊರತೆಯಿಲ್ಲ. ವಿಮಾನಗಳು ಹಾರುತ್ತವೆ, ರೂಪಗಳು ಬದಲಾಗುತ್ತವೆ. ಆದರೆ ಪ್ರತಿಯೊಂದು ವಿದ್ಯೆಯೂ ಸಾಧನೆಯಿಂದ ಬರಬೇಕು. ಯುದ್ಧದ ಕೊನೆಯ ಘಟ್ಟದಲ್ಲಿ ರಾವಣನು ಬಹುರೂಪಿಣೀ ವಿದ್ಯೆಗಾಗಿ ಶಾಂತಿನಾಥ ಜಿನಾಲಯದಲ್ಲಿ ಕುಳಿತಾಗ, ಎದುರಾಳಿಗಳು ಬಂದು ಎಷ್ಟು ಕಾಡಿದರೂ ಅವನು ಅಲುಗುವುದಿಲ್ಲ. ವಿದ್ಯೆ ಸಿದ್ಧಿಸುತ್ತದೆ, ಆದರೂ ಅದು ಅವನನ್ನು ಉಳಿಸುವುದಿಲ್ಲ. ಅವನು ಪ್ರತಿವಾಸುದೇವ, ಅವನೆಸೆದ ಚಕ್ರವೇ ಲಕ್ಷ್ಮಣನ ಕೈ ಸೇರಿ ಅವನನ್ನು ಕೊಲ್ಲುವುದು ಆ ಲೋಕದ ಕಟ್ಟಳೆ. ಇಂದಿನ ಅದ್ಭುತಕಾದಂಬರಿಗಳ ಓದುಗರು ಮಾಂತ್ರಿಕತೆಗೂ ನಿಯಮಾವಳಿ ಇರಬೇಕು, ಓದುಗನಿಗೆ ಅದು ಮೊದಲೇ ತಿಳಿದಿರಬೇಕು ಎನ್ನುತ್ತಾರಷ್ಟೆ. ನಾಗಚಂದ್ರನ ರಾವಣನ ದುರಂತ ನಿಂತಿರುವುದು ಇದೇ ನೆಲಗಟ್ಟಿನ ಮೇಲೆ. ಹತ್ತು ತಲೆಗಳನ್ನು ಕಳೆದುಕೊಂಡದ್ದರಿಂದಲೇ ಈ ರಾವಣನಿಗೆ ಪಶ್ಚಾತ್ತಾಪಪಡಬಲ್ಲ ಒಂದು ತಲೆ ದೊರಕಿತು. ಸೀತೆ ಮೂರ್ಛೆ ಹೋದುದನ್ನು ಕಂಡು ಅವನ ಮನಸ್ಸು ತಿರುಗುತ್ತದೆ. ಅವಳನ್ನು ಹಿಂದಿರುಗಿಸಬೇಕೆಂದುಕೊಳ್ಳುತ್ತಾನೆ, ಆದರೆ ರಾಮಲಕ್ಷ್ಮಣರನ್ನು ಗೆದ್ದು ಸೆರೆಹಿಡಿದ ಮೇಲೆ. ಅಭಿಮಾನ ಅಷ್ಟನ್ನು ಬಿಟ್ಟುಕೊಡುವುದಿಲ್ಲ. ವಿಚಾರಬುದ್ಧಿ ಕಾವ್ಯವನ್ನು ಒಣಗಿಸುತ್ತದೆ ಎನ್ನುವವರು ಈ ಭಾಗವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ಸೇತುವೆಯ ಗತಿ ಏನಾಯಿತು? ವಾನರರು ಆಕಾಶಗಾಮಿಗಳಾದ ವಿದ್ಯಾಧರರೆಂದಾದ ಮೇಲೆ ಕಡಲಿಗೆ ಕಲ್ಲು ಹೊರುವ ಅಗತ್ಯವೇ ಇಲ್ಲ. ವಿಮಲಸೂರಿಯಲ್ಲಿ ಸಮುದ್ರ ಎಂಬುದು ಒಬ್ಬ ಅರಸನ ಹೆಸರು. ನಳನು ಕಟ್ಟಿದ್ದು ಕಡಲನ್ನಲ್ಲ, ಯುದ್ಧದಲ್ಲಿ ಸೋತ ಆ ಅರಸನನ್ನು. ಭಾಷೆಯ ಶ್ಲೇಷೆಯೊಂದರಿಂದ ಇಡೀ ಅದ್ಭುತವನ್ನು ಅರಗಿಸಿಕೊಂಡ ಜಾಣ್ಮೆ ಇದು. ಆದರೆ ಇಲ್ಲಿ ಏನೋ ಒಂದು ಕಳೆದುಹೋಯಿತೆಂದು ಓದುಗನಿಗೆ ಅನ್ನಿಸದಿರದು. ಬಂಡೆಗಳನ್ನು ಹೊತ್ತು ಸಾಲಾಗಿ ಬರುವ ಕಪಿಸೈನ್ಯದ ಚಿತ್ರಕ್ಕೆ ಸೋತ ಸಾಮಂತನೊಬ್ಬನ ಕೈಕಟ್ಟು ಸಾಟಿಯಾಗದು.

ಹೀಗೆ ಅನ್ನಿಸಿದವನು ಜೈನ ಕವಿಗಳಲ್ಲೇ ಒಬ್ಬನಿದ್ದ. ನಾಗಚಂದ್ರನಾದ ಮೇಲೆ ಸುಮಾರು ಎರಡು ತಲೆಮಾರು ಕಳೆದು, 1170ರ ಹೊತ್ತಿಗೆ, ನೇಮಿಚಂದ್ರನು ‘ಲೀಲಾವತೀ ಪ್ರಬಂಧ’ವನ್ನು ರಚಿಸಿದನು. ಸುಬಂಧುವಿನ ಸಂಸ್ಕೃತ ‘ವಾಸವದತ್ತಾ’ದ ಜಾಡಿನಲ್ಲಿ ನಡೆಯುವ ಈ ಚಂಪುವಿನ ನಾಯಕ ಬನವಾಸಿಯ, ಎಂದರೆ ಜಯಂತೀಪುರದ, ರಾಜಕುಮಾರ ಕಂದರ್ಪ. ಕನಸಿನಲ್ಲಿ ಕಂಡ ಕನ್ಯೆಯನ್ನು ಹುಡುಕಿಕೊಂಡು ಗೆಳೆಯ ಮಕರಂದನೊಡನೆ ಹೊರಡುತ್ತಾನೆ. ದೂರದ ಕುಸುಮಪುರದಲ್ಲಿ ಆ ಕನ್ಯೆಯೂ ಅವನನ್ನೇ ಕನಸಿನಲ್ಲಿ ಕಂಡಿದ್ದಾಳೆ. ಕಥೆ ತೆಳು, ವರ್ಣನೆ ದಟ್ಟ ಎಂಬ ವಿಮರ್ಶಕರ ದೂರು ನ್ಯಾಯವಾದದ್ದೇ. ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸುವ ಕೃತಿ ಇದಲ್ಲ. ಆದರೆ ಇದರಲ್ಲಿರುವ ಒಂದು ಪದ್ಯ, ಅದ್ಭುತದ ಬಗೆಗೆ ಕನ್ನಡ ಕವಿಯೊಬ್ಬ ಕೊಟ್ಟ ತೀರ್ಪುಗಳಲ್ಲೆಲ್ಲ ದಿಟ್ಟವಾದುದು. ಅದರ ಇಂಗಿತವಿಷ್ಟು: ಕಪಿಗಳು ಕಡಲಿಗೆ ಸೇತುವೆ ಕಟ್ಟಿದವೋ ಇಲ್ಲವೋ, ವಾಮನನ ಹೆಜ್ಜೆ ಆಕಾಶವನ್ನು ಸೋಂಕಿತೋ ಇಲ್ಲವೋ, ಅರ್ಜುನನು ಶಿವನ ಗಂಟಲನ್ನು ಮೆಟ್ಟಿದನೋ ಇಲ್ಲವೋ, ಅದು ಹೇಗಾದರೂ ಇರಲಿ; ಕವಿಗಳ ಕೃತಿಗಳಲ್ಲಿ ಮಾತ್ರ ಇವೆಲ್ಲವೂ ನಡೆದದ್ದು ನಿಶ್ಚಯ, ಆದ್ದರಿಂದ ದೊಡ್ಡದು ಕವಿಯ ಅಳವು.

ಆರಿಸಿಕೊಂಡ ಉದಾಹರಣೆಗಳನ್ನು ಗಮನಿಸಿದರೆ ಈ ಮಾತಿನ ಮೊನೆ ತಿಳಿಯುತ್ತದೆ. ಮೂರೂ ವೈದಿಕ ಪುರಾಣೇತಿಹಾಸಗಳ ಪ್ರಸಂಗಗಳು. ಜೈನ ರಾಮಾಯಣ ನಿರಾಕರಿಸಿದ ಸೇತುವೆಯೇ ಮೊದಲನೆಯದು. ವಾಮನನ ಕಥೆಗೂ ಜೈನರಲ್ಲಿ ಬೇರೆ ಪಾಠವಿದೆ. ಅಲ್ಲಿ ದೇಹವನ್ನು ಬೆಳೆಸುವವನು ವಿಷ್ಣುಕುಮಾರ ಮುನಿ, ತಪಸ್ಸಿನಿಂದ ಲಭಿಸಿದ ವಿಕ್ರಿಯಾ ಋದ್ಧಿಯ ಬಲದಿಂದ. ನೇಮಿಚಂದ್ರನಿಗೆ ಇದು ತಿಳಿಯದ್ದಲ್ಲ. ‘ನೇಮಿನಾಥಪುರಾಣ’ವನ್ನು ಬರೆಯಹೊರಟು ಅರ್ಧಕ್ಕೆ ನಿಲ್ಲಿಸಿದ್ದರಿಂದ ‘ಅರ್ಧನೇಮಿ’ ಎಂಬ ಹೆಸರು ಕೃತಿಗೆ ಉಳಿಸಿದವನು ಅವನು, ಶ್ರದ್ಧೆಯಲ್ಲಿ ಕಡಿಮೆಯವನಲ್ಲ. ಆದರೂ ಅವನು ಶ್ರೇಣಿಕನ ಪ್ರಶ್ನೆಯನ್ನು ಉತ್ತರಿಸಲಿಲ್ಲ, ಆ ಪ್ರಶ್ನೆಯನ್ನು ಕಾವ್ಯದ ಬಾಗಿಲಾಚೆಗೆ ಇರಿಸಿದನು. ನಿಜವಾಗಿ ನಡೆಯಿತೇ ಎಂದು ಕೇಳಬೇಕಾದ ಜಾಗ ಬೇರೆ, ಕಾವ್ಯದ ಜಾಗ ಬೇರೆ. ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಕಿನ್ನರಕಥೆಗಳನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ, ಕಥೆಗಾರನು ತಾನೇ ಒಂದು ಎರಡನೆಯ ಲೋಕವನ್ನು ನಿರ್ಮಿಸುತ್ತಾನೆ, ಅದರೊಳಗಿರುವಷ್ಟು ಹೊತ್ತು ಅಲ್ಲಿಯದು ಸತ್ಯವೇ ಎಂದು ವಾದಿಸಿದ್ದು ಇದರ ಸಮೀಪಕ್ಕೆ ಬರುತ್ತದೆ. ನೇಮಿಚಂದ್ರನದು ಇನ್ನೂ ಒಂದು ಹೆಜ್ಜೆ ಮುಂದೆ. ತನ್ನ ಮತ ಒಪ್ಪದ ಲೋಕಕ್ಕೂ ಅವನು ಈ ಮಾನ್ಯತೆಯನ್ನು ಸಲ್ಲಿಸಿದನು.

ಹಾಗಾದರೆ ಉಳಿದ ಜೈನ ಕವಿಗಳು ಕಥೆಯ ವಿಷಯದಲ್ಲಿ ಅಷ್ಟು ಬಿಗಿಯಾಗಿ ನಡೆದುಕೊಂಡದ್ದೇಕೆ? ಅರಸಿಕತೆ ಎಂದು ತಳ್ಳಿಹಾಕುವುದು ಸುಲಭ. ಕಾರಣ ಇನ್ನೂ ಆಳದಲ್ಲಿದೆ, ಅದನ್ನು ಕಾಣಲು ಜನ್ನನ ‘ಯಶೋಧರಚರಿತೆ’ಗೆ (1209) ಹೋಗಬೇಕು. ಅರಸ ಯಶೋಧರನು ಕೆಟ್ಟ ಕನಸಿನ ನೆಪ ಹೇಳಿದಾಗ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡಿಸಲು ಹಟ ಹಿಡಿಯುತ್ತಾಳೆ. ಜೀವವಧೆಗೆ ಮನಸ್ಸು ಒಪ್ಪದೆ, ತಾಯಿಯ ಮಾತನ್ನೂ ಮೀರಲಾರದೆ, ಅವನು ಹಿಟ್ಟಿನ ಕೋಳಿಯೊಂದನ್ನು ಕಡಿಯುತ್ತಾನೆ. ಹಿಟ್ಟಿನ ಕೋಳಿ ಕೂಗುತ್ತದೆ. ಆಮೇಲೆ ತಾಯಿಮಕ್ಕಳಿಬ್ಬರೂ ಪ್ರಾಣಿಗಳಾಗಿ ಭವಭವಾಂತರಗಳಲ್ಲಿ ತೊಳಲುತ್ತಾರೆ. ಕೊಂದದ್ದು ಯಾವ ಜೀವವನ್ನೂ ಅಲ್ಲ, ಕೊಲ್ಲುವೆನೆಂದು ಸಂಕಲ್ಪಿಸಿದ್ದಷ್ಟೇ. ಆ ಸಂಕಲ್ಪಕ್ಕೆ ಪೂರ್ಣ ಫಲವುಂಟು. ಕಲ್ಪಿತವಾದುದಕ್ಕೆ ಇಷ್ಟು ತೂಕ ಕೊಡುವ ದರ್ಶನಕ್ಕೆ ಕಥೆ ಎಂಬುದು ಹೊತ್ತು ಕಳೆಯುವ ಸಾಧನವಾಗಿ ಕಾಣುವುದು ಸಾಧ್ಯವಿರಲಿಲ್ಲ. ಮಾಂಸ ತಿಂದು ಮತ್ತರಾದ ರಾಕ್ಷಸರ ಕಥೆಯನ್ನು ರಸದಿಂದ ಕೇಳಿದವನ ಮನಸ್ಸಿನಲ್ಲಿ ಏನೋ ಒಂದು ನಡೆದೇ ಇರುತ್ತದೆ ಎಂಬ ಅಂಜಿಕೆ ಅವರದು. ಕಲ್ಪನೆಯನ್ನು ಲಘುವಾಗಿ ಕಂಡವರಲ್ಲ ಅವರು, ಅದಕ್ಕೆ ಹೆದರುವಷ್ಟು ಅದನ್ನು ನಂಬಿದವರು.

ಹೆದರದೆ ನಕ್ಕವರೂ ಇದ್ದರು. ಎಂಟನೆಯ ಶತಮಾನದಲ್ಲಿ ಚಿತ್ತೋಡಿನ ಹರಿಭದ್ರಸೂರಿ ಬರೆದ ಪ್ರಾಕೃತ ‘ಧೂರ್ತಾಖ್ಯಾನ’ದಷ್ಟು ಲವಲವಿಕೆಯ ವಿಡಂಬನೆ ಪ್ರಾಚೀನ ಭಾರತದಲ್ಲಿ ವಿರಳ. ಉಜ್ಜಯಿನಿಯ ಹೊರವಲಯದ ಉದ್ಯಾನವೊಂದರಲ್ಲಿ ಮಳೆಗಾಲದಲ್ಲಿ ಐವರು ಧೂರ್ತರು ತಮ್ಮ ಹಿಂಬಾಲಕರೊಡನೆ ಹಸಿದು ಕುಳಿತಿದ್ದಾರೆ. ಮೂಲದೇವ, ಕಂಡರೀಕ, ಏಲಾಷಾಢ, ಶಶ ಎಂಬ ನಾಲ್ವರು ಗಂಡಸರು, ಖಂಡಪಾನೆ ಎಂಬ ಒಬ್ಬ ಹೆಂಗಸು. ಎಲ್ಲರಿಗೂ ಊಟ ಹಾಕುವವರು ಯಾರು? ಪಂದ್ಯ ನಿಶ್ಚಯವಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಅನುಭವವೆಂದು ಒಂದು ಕಥೆ ಹೇಳಬೇಕು. ಅದನ್ನು ಸುಳ್ಳೆಂದವನು ಊಟ ಹಾಕಬೇಕು. ಭಾರತ, ರಾಮಾಯಣ, ಪುರಾಣಗಳಿಂದ ಪ್ರಮಾಣ ತೋರಿಸಿ ನಿಜವೆಂದು ಸಮರ್ಥಿಸಿದವನು ಪಾರಾಗುತ್ತಾನೆ.

ಮೂಲದೇವನು, ತನ್ನನ್ನು ಅಟ್ಟಿಬಂದ ಆನೆಗೆ ಹೆದರಿ ತನ್ನದೇ ಕಮಂಡಲುವಿನೊಳಗೆ ಹೊಕ್ಕೆನೆನ್ನುತ್ತಾನೆ. ಆನೆಯೂ ಹಿಂದೆಯೇ ಹೊಕ್ಕಿತು, ಆರು ತಿಂಗಳು ಒಳಗೇ ಅಟ್ಟಾಡಿಸಿತು. ಕೊನೆಗೆ ಅವನು ಕೊಂಡಿಯ ತೂತಿನಿಂದ ಹೊರಬಿದ್ದ. ಆನೆಯೂ ಹೊರಬಂದಿತು, ಆದರೆ ಬಾಲದ ಒಂದು ಕೂದಲು ತೂತಿನಲ್ಲಿ ಸಿಕ್ಕಿಕೊಂಡಿತು! ಇದರಲ್ಲೇನು ಸೋಜಿಗ, ವಿಷ್ಣುವಿನ ನಾಭಿಯಿಂದ ಬ್ರಹ್ಮನು ಹೊರಬರಲಿಲ್ಲವೇ ಎಂದು ಸಮರ್ಥನೆ ಸಿದ್ಧವಾಗಿರುತ್ತದೆ. ಕಂಡರೀಕನ ಕಥೆಯಲ್ಲಿ ಕಳ್ಳರಿಗೆ ಹೆದರಿದ ಒಂದು ಊರಿಗೆ ಊರೇ ಸೌತೆಕಾಯಿಯೊಂದರಲ್ಲಿ ಅಡಗುತ್ತದೆ. ಆ ಕಾಯನ್ನು ಆಡು, ಆಡನ್ನು ಹೆಬ್ಬಾವು, ಹೆಬ್ಬಾವನ್ನು ಹಕ್ಕಿ ನುಂಗುತ್ತವೆ. ಏಲಾಷಾಢನ ಕಡಿದ ತಲೆ ಬೋರೆಮರದ ಮೇಲೆ ಕುಳಿತು ಹಣ್ಣು ತಿನ್ನುತ್ತಿರುತ್ತದೆ. ಶಶನ ಹೊಲದ ಎಳ್ಳಿನ ಗಿಡ ಹೆಮ್ಮರವಾಗಿ ಎಣ್ಣೆಯ ಹೊಳೆಯೇ ಹರಿಯುತ್ತದೆ. ಗೆಲ್ಲುವವಳು ಖಂಡಪಾನೆ. ನೀವು ನಾಲ್ವರೂ ನನ್ನ ಮನೆಯಿಂದ ಓಡಿಹೋದ ಆಳುಗಳು, ನೀವು ಉಟ್ಟ ಬಟ್ಟೆ ನನ್ನದು ಎನ್ನುತ್ತಾಳೆ. ನಿಜವೆಂದರೆ ಆಳಾಗಬೇಕು, ಸುಳ್ಳೆಂದರೆ ಊಟ ಹಾಕಬೇಕು. ಇಷ್ಟು ಗೆದ್ದಮೇಲೂ ಎಲ್ಲರಿಗೆ ಊಟ ಹೊಂದಿಸುವವಳು ಅವಳೇ, ವ್ಯಾಪಾರಿಯೊಬ್ಬನಿಗೆ ಟೋಪಿ ಹಾಕಿ!

ಇದೇ ಯುಕ್ತಿ ‘ಧರ್ಮಪರೀಕ್ಷೆ’ ಎಂಬ ಹೆಸರಿನಲ್ಲಿ ಭಾಷೆಯಿಂದ ಭಾಷೆಗೆ ನಡೆದು ಬಂತು. ಹರಿಷೇಣನ ಅಪಭ್ರಂಶ ಕೃತಿ 988ರದು, ಅಮಿತಗತಿಯ ಸಂಸ್ಕೃತ ಕೃತಿ 1014ರದು. ಅಮಿತಗತಿಯನ್ನು ಅನುಸರಿಸಿ ವೃತ್ತವಿಲಾಸನು ಅದನ್ನು ಹತ್ತು ಆಶ್ವಾಸಗಳ ಕನ್ನಡ ಚಂಪುವಾಗಿಸಿದನು. ಅವನನ್ನು ಸಾಮಾನ್ಯವಾಗಿ 14ನೆಯ ಶತಮಾನದವನೆಂದು ಎಣಿಸುತ್ತಾರೆ. ಇಲ್ಲಿ ಹರಟುವವರು ಧೂರ್ತರಲ್ಲ, ಮನೋವೇಗ ಮತ್ತು ಪವನವೇಗ ಎಂಬ ವಿದ್ಯಾಧರ ಗೆಳೆಯರು. ಹುಲ್ಲು ಸೌದೆ ಮಾರುವವರ ವೇಷದಲ್ಲಿ ಪಾಟಲಿಪುತ್ರದ ವಾದಶಾಲೆಗೆ ನುಗ್ಗಿ, ಭೇರಿ ಬಾರಿಸಿ, ಪಂಡಿತರ ಹೊನ್ನಿನ ಪೀಠದ ಮೇಲೆ ಕುಳಿತುಬಿಡುತ್ತಾರೆ. ಪ್ರಶ್ನಿಸಿದವರಿಗೆ ಮನೋವೇಗನು ಒಂದೊಂದೇ ಬೆರಗಿನ ಕಥೆ ಹೇಳುತ್ತಾನೆ. ಕಮಂಡಲುವಿನ ಆನೆ ಇಲ್ಲಿಯೂ ಬರುತ್ತದೆ, ಹಣ್ಣು ತಿನ್ನುವ ತಲೆಯೂ ಬರುತ್ತದೆ, ಬೋರೆಯ ಬದಲು ಬೇಲದ ಮರದಲ್ಲಿ. ಪಂಡಿತರು ನಂಬಲಾಗದೆಂದರೆ ಅವರದೇ ಪುರಾಣಗಳಿಂದ ಸಾದೃಶ್ಯ ತೆಗೆದು ಬಾಯಿಮುಚ್ಚಿಸುತ್ತಾನೆ.

ಎರಡನ್ನೂ ಪಕ್ಕಪಕ್ಕದಲ್ಲಿರಿಸಿ ಓದಿದರೆ ಹರಿಭದ್ರನ ಕೃತಿಯೇ ಮೇಲೆಂದು ಹೇಳದೆ ವಿಧಿಯಿಲ್ಲ. ಅವನ ಧೂರ್ತರು ಸುಳ್ಳಿನ ಸೊಗಸನ್ನು ಸವಿಯುತ್ತಾರೆ. ಕೂದಲು ಸಿಕ್ಕಿಕೊಂಡ ಆನೆಯನ್ನು ಕಲ್ಪಿಸಿದವನು ಅದ್ಭುತದ ಶತ್ರುವಾಗಿರಲಾರ. ಅವನೇ ಅಲ್ಲವೆ ಒಂಬತ್ತು ಭವಗಳ ದ್ವೇಷವನ್ನು ಹೇಳುವ ‘ಸಮರಾಇಚ್ಚಕಹಾ’ವನ್ನು ಬರೆದವನು. ಕಥೆಗಳಲ್ಲಿ ದಿವ್ಯ, ದಿವ್ಯಮಾನುಷ, ಮಾನುಷ ಎಂಬ ವಿಭಾಗವನ್ನು ಅದರಲ್ಲಿ ಹೇಳಿದವನೂ ಅವನೇ. ವೃತ್ತವಿಲಾಸನ ಗುರಿಯಾದರೋ ಪವನವೇಗನ ಮತಪರಿವರ್ತನೆ. ಗುರಿ ಹತ್ತಿರವಾದಂತೆ ನಗೆ ತೆಳುವಾಗುತ್ತದೆ. ಎದುರು ಪಕ್ಷದ ಪಂಡಿತರನ್ನು ಅವನು ಬಹಳ ಬೇಗ ಸೋಲಿಸುತ್ತಾನೆ. ನಿಜವಾದ ಮೀಮಾಂಸಕನೊಬ್ಬ ಆ ಸಭೆಯಲ್ಲಿದ್ದಿದ್ದರೆ, ಇವು ಅರ್ಥವಾದಗಳು, ವಿಧಿಯನ್ನು ಹೊಗಳಲು ಬಂದ ಮಾತುಗಳು, ಅಕ್ಷರಶಃ ತೆಗೆದುಕೊಳ್ಳತಕ್ಕವಲ್ಲ ಎನ್ನುತ್ತಿದ್ದನು; ಆಗ ಹುಲ್ಲು ಮಾರುವವನ ವಾದ ಇಷ್ಟು ಸಲೀಸಾಗಿ ಸಾಗುತ್ತಿರಲಿಲ್ಲ.

ಇನ್ನೂ ಇಕ್ಕಟ್ಟಿನ ಪ್ರಶ್ನೆಯೊಂದಿದೆ, ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದಿನಾಥರ ದೇಹದ ಎತ್ತರ 500 ಧನುಸ್ಸು, ಆಯುಸ್ಸು 84 ಲಕ್ಷ ಪೂರ್ವ ಎನ್ನುವ ಪುರಾಣವನ್ನು ನಂಬುವವನು ಕುಂಭಕರ್ಣನ ಆರು ತಿಂಗಳ ನಿದ್ದೆಗೆ ನಗುವುದು ಹೇಗೆ? ಮನೋವೇಗನ ತರ್ಕವನ್ನು ಪಾಟಲಿಪುತ್ರದ ಪಂಡಿತರು ಅವನ ಮೇಲೆಯೇ ತಿರುಗಿಸಬಹುದಾಗಿತ್ತು. ಪರಂಪರೆಯ ಉತ್ತರ, ಅದು ಅವಸರ್ಪಿಣಿಯ ಕಾಲಕ್ರಮ, ಎಲ್ಲ ಜೀವರ ಎತ್ತರ ಆಯುಸ್ಸುಗಳೂ ಒಂದೇ ಲೆಕ್ಕದಲ್ಲಿ ಇಳಿಯುತ್ತ ಬಂದಿವೆ, ಒಬ್ಬನಿಗೆ ವಿನಾಯಿತಿ ಇಲ್ಲ ಎಂಬುದು. ಈ ಉತ್ತರ ಇತಿಹಾಸಕಾರನಿಗೆ ಸಮಾಧಾನ ಕೊಡಲಾರದು. ಆದರೆ ಕಥಾಲೋಕದ ಕಟ್ಟಡವೆಂಬ ದೃಷ್ಟಿಯಿಂದ ಅದಕ್ಕೆ ಬೆಲೆಯುಂಟು. ಜೈನ ಪುರಾಣದಲ್ಲಿ ದೇವತೆಗಳೂ ಕಟ್ಟಳೆಗೆ ಒಳಪಟ್ಟವರು. ಪಂಪನ ‘ಆದಿಪುರಾಣ’ದ (941) ನೀಲಾಂಜನೆಯ ನೃತ್ಯಕ್ಕಿಂತ ಉತ್ತಮ ನಿದರ್ಶನ ಬೇಡ. ನರ್ತಿಸುತ್ತಿದ್ದಂತೆಯೇ ಆ ದೇವಗಣಿಕೆಯ ಆಯುಸ್ಸು ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಕ್ಷಣಾರ್ಧದಲ್ಲಿ ಅವಳಂತೆಯೇ ಇರುವ ಇನ್ನೊಬ್ಬಳನ್ನು ಸೃಷ್ಟಿಸುತ್ತಾನೆ. ಸಭೆಗೆ ಸಭೆಯೇ ಆಟವನ್ನು ನೋಡುತ್ತಲೇ ಇರುತ್ತದೆ. ಬದಲಾದುದನ್ನು ಕಂಡವನು ಆದಿದೇವನೊಬ್ಬನೇ. ಇಂದ್ರಜಾಲವಿದೆ, ಅದು ಪರಿಪೂರ್ಣವಾಗಿಯೂ ಇದೆ, ಸತ್ತವಳನ್ನು ಬದುಕಿಸಲು ಮಾತ್ರ ಅದಕ್ಕೆ ಶಕ್ತಿಯಿಲ್ಲ. ಇಂದಿನ ಯಾವ ಅದ್ಭುತಕಾದಂಬರಿಯಲ್ಲಿಯೂ ಮಾಯೆಯ ಮಿತಿಯನ್ನು ಇಷ್ಟು ಚಿಕ್ಕ ಕ್ಷಣದಲ್ಲಿ ಹಿಡಿದ ಸನ್ನಿವೇಶ ಸಿಗುವುದು ಕಷ್ಟ.

ಈ ಕೃತಿಗಳನ್ನು ಮತದ ವಾದಗ್ರಂಥಗಳೆಂದಲ್ಲದೆ ಕಥೆಗಳೆಂದು ಓದುವುದನ್ನು ಆಧುನಿಕ ವಿದ್ವತ್ತಿಗೆ ಕಲಿಸಿದವರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಮುಖ್ಯರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು, ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ಕಟ್ಟಿದವರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಹರಿಷೇಣನ ‘ಧಮ್ಮಪರಿಕ್ಖಾ’ವನ್ನು ಅಮಿತಗತಿಯ ಕೃತಿಯೊಡನೆ ಹೋಲಿಸಿ ನೋಡಿದ್ದೂ, 1944ರಲ್ಲಿ ಮುನಿ ಜಿನವಿಜಯರ ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾದ ‘ಧೂರ್ತಾಖ್ಯಾನ’ಕ್ಕೆ ವಿಮರ್ಶಾತ್ಮಕ ಅಧ್ಯಯನ ಬರೆದದ್ದೂ ಅವರೇ. ಧೂರ್ತರ ಒಂದೊಂದು ಸುಳ್ಳಿಗೂ ಯಾವ ಪುರಾಣದ ಯಾವ ಪ್ರಸಂಗ ಆಧಾರವೆಂದು ತಾಳ್ಮೆಯಿಂದ ಹುಡುಕುವ ಕೆಲಸ ಅದು. ಅದಾದ ಐದು ವರ್ಷಕ್ಕೆ, 1949ರಲ್ಲಿ, ಅದೇ ಮಾಲೆಯಲ್ಲಿ ಅವರು ಸಂಪಾದಿಸಿದ ಇನ್ನೊಂದು ಪ್ರಾಕೃತ ಕಾವ್ಯ ಹೊರಬಂತು. ಅದು ಕುತೂಹಲನೆಂಬ ಜೈನೇತರ ಕವಿಯ ‘ಲೀಲಾವಈ’. ಯಕ್ಷರು, ಸಿದ್ಧರು, ವಿದ್ಯಾಧರರು ಮನುಷ್ಯರೊಡನೆ ಬೆರೆತು, ಶಾಪಗಳೂ ವಿರಹಗಳೂ ಒಂದರೊಳಗೊಂದು ಹೆಣೆದುಕೊಂಡು, ಕೊನೆಗೆ ಸಿಂಹಳದ ರಾಜಕುಮಾರಿಯೊಬ್ಬಳು ಸಾತವಾಹನ ಅರಸ ಹಾಲನನ್ನು ಸೇರುವ ಕಥೆ. ಕವಿಯೇ ತನ್ನ ಕೃತಿಯನ್ನು ದಿವ್ಯಮಾನುಷೀ ಕಥೆಯೆಂದು ಕರೆದುಕೊಂಡಿದ್ದಾನೆ.